‘ಯಾರು ಕೂರೋದು?’ ಎಂದು ಕೇಳುವ ಚಿಕ್ಕಲಕ್ಷ್ಮಮ್ಮ

ಬೆಳಗಿನ ಆರು ಗಂಟೆ. ಕಾಮಾಕ್ಷಿಪಾಳ್ಯದ ಒಂದು ಗಲ್ಲಿ. ತಗಡಿನ ಶೆಡ್ಡಿನ ಮುಂದೆ ಇಟ್ಟಿರುವ ಕುರ್ಚಿಯ ಅಡಿಯಿಂದ ಎರಡು ಪಾದಗಳು ರಸ್ತೆಯ ಕಡೆಗೆ ಚಾಚಿಕೊಂಡಿವೆ. ಬೆರಳಲ್ಲಿ ಕಾಲುಂಗುರ. ಪಕ್ಕದಲ್ಲಿ ಒಂದು ಬಕೆಟ್ ನೀರು, ಅದರೊಳಗೆ ಶ್ಯಾವಿಗೆಯಂತೆ ಸುರುಳಿ ಸುತ್ತಿಕೊಂಡು ನೆನೆಯುತ್ತಿರುವ ಬೆತ್ತದ ಎಳೆಗಳು. ಮಾಗಡಿ ರಸ್ತೆಯ ಬಸ್ಸಿಗೆ ಓಡುತ್ತಿರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಆ ಪಾದಗಳನ್ನೇ ಮಾತಾಡಿಸಿಕೊಂಡು ಹೋಗುತ್ತಾರೆ.

“ಆಂಟಿ, ಗಾಡಿ ರಿಪೇರಿ ಆಯ್ತಾ?”

“ಆಯ್ತು ಕಣೇ,” ಎನ್ನುತ್ತದೆ ಕುರ್ಚಿಯ ಅಡಿಯ ದನಿ. “ನಿಮ್ ಸೂಪರ್‌ವೈಸರ್‌ನ ಕಳ್ಸು, ಟ್ರಯಲ್ ನೋಡೋಣ.”

ಪಾದಗಳೂ ದನಿಯೂ ಚಿಕ್ಕಲಕ್ಷ್ಮಮ್ಮನವರದು. ಕುರ್ಚಿಗಳಿಗೆ ಬೆತ್ತ ಹೆಣೆಯುವುದು ಅವರ ಕಸುಬು. ಮೇಲಿನಿಂದ ಹೆಣೆದದ್ದನ್ನು ಕೆಳಗಿನಿಂದ ಎಳೆದು ಬಿಗಿ ಮಾಡಬೇಕಾದ್ದರಿಂದ ಅವರ ದಿನದ ಅರ್ಧ ಭಾಗ ಮಲಗಿಕೊಂಡೇ ಕಳೆಯುತ್ತದೆ. “ಮಲ್ಕೊಂಡು ದುಡಿಯೋಳು ಈ ಏರಿಯಾದಲ್ಲಿ ನಾನೊಬ್ಳೇ,” ಎಂದು ಅವರೇ ಹೇಳಿಕೊಂಡು ನಗುತ್ತಾರೆ.

ಅವರ ಶೆಡ್ಡಿಗೆ ಬರುವ ಕುರ್ಚಿಗಳು ಅಂತಿಂಥವಲ್ಲ. ಅರವತ್ತು ಎಪ್ಪತ್ತು ವರ್ಷದ ಹಿಂದೆ ತೇಗದಲ್ಲಿ ಮಾಡಿದ, ಕುಳ್ಳಗಿನ, ಬೆನ್ನು ಹಿಂದಕ್ಕೆ ವಾಲಿಸಿಕೊಂಡ, ಕೆತ್ತನೆಗಿತ್ತನೆ ಇಲ್ಲದ ಕುರ್ಚಿಗಳು. ರಾಜಾಜಿನಗರದ ಹಳೆ ಮನೆಗಳ ಅಟ್ಟದಿಂದ, ಕ್ಲಬ್ಬುಗಳ ಹಿತ್ತಿಲಿಂದ, ಮುಚ್ಚಿದ ಆಫೀಸುಗಳ ಮೂಲೆಯಿಂದ ಎದ್ದು ಬಂದವು. ಇವುಗಳಿಗೆ ಈಗ ‘ಮಿಡ್ ಸೆಂಚುರಿ ಮಾಡರ್ನ್’ ಎಂಬ ದೊಡ್ಡ ಹೆಸರಿದೆ. ಹುಡುಕಿಕೊಂಡು ಅಲೆಯುವ ಸಂಗ್ರಾಹಕರಿದ್ದಾರೆ. ಚಿಕ್ಕಲಕ್ಷ್ಮಮ್ಮ ಇಟ್ಟಿರುವ ಹೆಸರು ‘ಕರುಗಾಲು’. ಆಗತಾನೆ ಹುಟ್ಟಿದ ಕರು ಎದ್ದು ನಿಲ್ಲಲು ಹೋಗಿ ನಾಲ್ಕೂ ಕಾಲನ್ನು ಹೊರಕ್ಕೆ ಚಾಚಿಕೊಳ್ಳುತ್ತದಲ್ಲ, ಈ ಕುರ್ಚಿಗಳು ನಿಲ್ಲುವುದೂ ಹಾಗೆಯೇ. “ನೋಡಿದ್ರೆ ಈಗ ಬೀಳುತ್ತೆ ಅನ್ಸುತ್ತೆ. ಬೀಳಲ್ಲ.”

ಅವರದು ಮಾಗಡಿಯ ಕಡೆಯ ಹಳ್ಳಿ. ಮದುವೆಯಾಗಿ ಇಲ್ಲಿಗೆ ಬಂದಾಗ ಮಾವ ಇದೇ ಶೆಡ್ಡಿನಲ್ಲಿ ಸರ್ಕಾರಿ ಆಫೀಸುಗಳ ಕುರ್ಚಿ ಹೆಣೆಯುತ್ತಿದ್ದರು. ಅವರ ಮಗ, ಅಂದರೆ ಚಿಕ್ಕಲಕ್ಷ್ಮಮ್ಮನ ಗಂಡ ಮಂಜುನಾಥ್, ಕಸುಬು ಕಲಿಯಲಿಲ್ಲ. ದಿನವಿಡೀ ಒಂದೇ ಕಡೆ ಕೂತು ಮಾಡುವ ಕೆಲಸ ತನ್ನಿಂದಾಗದು ಎಂದು ಹೇಳಿ ಲಗೇಜ್ ಆಟೋ ಹಿಡಿದರು. “ಅದ್ರಲ್ಲಿ ಇವ್ರು ನಿಂತ್ಕೊಂಡೇ ಓಡಿಸ್ತಾರೆ ನೋಡಿ,” ಎನ್ನುತ್ತಾರೆ ಹೆಂಡತಿ. ಹಾಗಾಗಿ ಮಾವ ಸೊಸೆಗೆ ಕಲಿಸಿದರು. ಪಾಠ ಶುರುವಾದದ್ದು ಎರಡು ಮಾತಿನಿಂದ. ಒಂದು: ಎಳೆ ಹಿಡಿಯುವ ಮೊದಲು ‘ಯಾರು ಕೂರೋದು?’ ಎಂದು ಕೇಳಬೇಕು. ಭಾರೀ ಆಳು ಕೂರುವುದಾದರೆ ಬಿಗಿ, ಬಾಣಂತಿ ಕೂರುವುದಾದರೆ ಸಡಿಲ, ಮುದುಕರಿಗೆ ಎರಡರ ನಡುವೆ. ಎರಡು: ಒದ್ದೆ ಬೆತ್ತದ ಮೇಲೆ ಯಾರೂ ಕೂರಬಾರದು. ನೆನೆಸಿದ ಬೆತ್ತ ಒಣಗುತ್ತಾ ತಾನಾಗಿ ಬಿಗಿದುಕೊಳ್ಳುತ್ತದೆ. ಅಷ್ಟರಲ್ಲಿ ಯಾರಾದರೂ ಕೂತರೆ ಜೋತುಬೀಳುತ್ತದೆ, ಹಾಗೇ ಒಣಗಿದರೆ ಆಮೇಲೆ ಏಳುವುದಿಲ್ಲ. ಹೆಣೆದು ಮುಗಿಸಿದ ಕುರ್ಚಿಯ ಮೇಲೆ ಇವತ್ತಿಗೂ ಅವರು ಒಂದು ಪೊರಕೆ ಅಡ್ಡ ಇಡುತ್ತಾರೆ. ಪೊರಕೆಯ ಮೇಲೆ ಯಾರು ಕೂರುತ್ತಾರೆ?

ಮಾವ ಹೋದರು, ಪ್ಲಾಸ್ಟಿಕ್ ಕುರ್ಚಿ ಬಂತು. ಆಫೀಸುಗಳು ಬೆತ್ತ ಮರೆತವು. ಚಿಕ್ಕಲಕ್ಷ್ಮಮ್ಮ ದಬ್ಬಳವನ್ನು ಸೂರಿಗೆ ಸಿಕ್ಕಿಸಿ ಗಾರ್ಮೆಂಟ್ಸ್‌ಗೆ ಹೋದರು. ವರ್ಷಗಟ್ಟಲೆ ಕಾಲರ್ ಹೊಲಿದರು, ಕಾಲರ್ ಮಾತ್ರ. “ಒಂದ್ ಪೂರ್ತಿ ಶರ್ಟು ಹೆಂಗಿರುತ್ತೆ ಅಂತ ಇವ್ರು ಹಾಕ್ಕೊಂಡಾಗ್ಲೇ ನೋಡ್ತಿದ್ದಿದ್ದು.” ಕಣ್ಣು ಮಂಜಾಯಿತು, ಸೊಂಟ ಹಿಡಿಯಿತು, ಫ್ಯಾಕ್ಟರಿ ಬೇರೆ ಕಡೆ ಹೋಯಿತು. ಮತ್ತೆ ಶೆಡ್ಡಿನ ಬಾಗಿಲು ತೆಗೆದದ್ದು ಒಬ್ಬ ಹಲ್ಲಿನ ಡಾಕ್ಟರ ದೆಸೆಯಿಂದ.

ಡಾಕ್ಟರ್ ಮಧ್ವೇಶ್ ಅವರ ಕ್ಲಿನಿಕ್ಕು, ಅದರ ಮೇಲೆ ಮನೆ, ಎರಡೂ ಬಸವೇಶ್ವರನಗರದಲ್ಲಿ. ಹಳೆ ಕುರ್ಚಿ, ಹಳೆ ದೀಪ ಅವರ ಹುಚ್ಚು. ಎಲ್ಲೋ ಒಂದು ಮುರುಕಲು ಕುರ್ಚಿ ಇದೆ ಎಂದು ಗೊತ್ತಾದರೆ ಅರ್ಧ ಹಲ್ಲು ಕಿತ್ತವರನ್ನೂ ಕೂರಿಸಿ ಹೋಗುತ್ತಾರೆ ಎಂಬ ಮಾತು ಕಾಂಪೌಂಡರ್ ಕಡೆಯಿಂದ ಕೇಳಿಬರುತ್ತದೆ. ಬೆತ್ತ ಹೆಣೆಯುವವರನ್ನು ಊರೆಲ್ಲ ಹುಡುಕಿ ಕೊನೆಗೆ ಮಂಜುನಾಥರ ಆಟೋದಲ್ಲೇ ಕುರ್ಚಿ ಸಾಗಿಸುವಾಗ, “ನಮ್ಮನೇಲೇ ಇದಾರಲ್ಲ ಸಾರ್,” ಎಂಬ ಉತ್ತರ ಸಿಕ್ಕಿತು. ಅವರ ಹಿಂದೆ ಅವರಂಥ ಇನ್ನೂ ಹತ್ತಾರು ಮಂದಿ ಬಂದರು. ಶೆಡ್ಡು ತುಂಬಿತು.

ಆದರೆ ಒಂದು ಕಷ್ಟ. ಮೊದಲ ದಿನ ಚಿಕ್ಕಲಕ್ಷ್ಮಮ್ಮ ಮಾವನ ಪಾಠದಂತೆ ಕೇಳಿದರು, “ಯಾರು ಕೂರೋದು ಸಾರ್?”

ಡಾಕ್ಟರು ಗಾಬರಿಯಾದರು. “ಕೂರೋದಾ? ಯಾರೂ ಇಲ್ಲ!”

ನಿಜವಾಗಿಯೂ ಯಾರೂ ಇರಲಿಲ್ಲ. ಮನೆಯ ಹಾಲಿನಲ್ಲಿ ಕರುಗಾಲುಗಳ ಮಂದೆಯೇ ನಿಂತಿತ್ತು. ಡಾಕ್ಟರ ಹೆಂಡತಿ, ಮೇಡಂ ತನ್ಮಯಿ, ಚಾಪೆ ಹಾಸಿಕೊಂಡು ಶಾಲೆಯ ಪೇಪರ್ ತಿದ್ದುತ್ತಿದ್ದರು. ಹಿತ್ತಾಳೆಯ ಕೊಕ್ಕರೆಗಾಲಿನ ಒಂದು ನಿಲುದೀಪ ಅವರ ತಲೆಯ ಮೇಲೇ ಬಾಗಿ ನಿಂತಿತ್ತು. ಅದರ ಹಳೆ ಬಟ್ಟೆಯ ಶೇಡಿಗೆ ಬಿಸಿ ತಾಗಬಾರದೆಂದು ಅದನ್ನು ಹಚ್ಚುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಿ ಎರಡು ಚೆಂದದ ಕುರ್ಚಿಗಳ ಕೈಗೆ ಕೆಂಪು ರಿಬ್ಬನ್ ಕಟ್ಟಿ ‘ದಯವಿಟ್ಟು ಕೂರಬೇಡಿ’ ಎಂಬ ಬೋರ್ಡು ನೇತುಹಾಕಿದ್ದರು. ಕೆನ್ನೆ ಊದಿಸಿಕೊಂಡ ಜನ ಅದರ ಪಕ್ಕ ಗೋಡೆಗೆ ಒರಗಿ ನಿಂತು ಆ ಬೋರ್ಡನ್ನೇ ಓದುತ್ತಿದ್ದರು.

ಬೇರೆ ಸಂಗ್ರಾಹಕರ ಉತ್ತರವೂ ಅದೇ. ಕೇಳಿ ಕೇಳಿ ಚಿಕ್ಕಲಕ್ಷ್ಮಮ್ಮನವರಿಗೆ ಸಾಕಾಯಿತು. ಕೇಳುವುದನ್ನೇ ಬಿಟ್ಟರು. ಯಾರೂ ಕೂರದ ಕುರ್ಚಿ ಎಷ್ಟು ಬಿಗಿಯಿದ್ದರೇನು? ತಮಟೆಯ ಹಾಗೆ ಬಿಗಿದು, ಬೆರಳಲ್ಲಿ ಬಡಿದು ನಾದ ಕೇಳಿಸಿ ಕಳಿಸತೊಡಗಿದರು. ಸಂಗ್ರಾಹಕರು ಆ ಸದ್ದು ಕೇಳಿ ಹಿಗ್ಗುತ್ತಿದ್ದರು. ಕಳೆದ ವರ್ಷ ಚಿಕ್ಕಲಕ್ಷ್ಮಮ್ಮ ಸಿಕ್ಕಿಬಿದ್ದದ್ದು ಇದರಿಂದಲೇ.

ಬಸವೇಶ್ವರನಗರದ ಚನ್ನವೀರೇಶ್ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಮಾಡುವವರು. ಅವರ ತಾಯಿ ಜಗದಾಂಬಾ ತಂಗಿಯ ಮಗಳ ಮದುವೆಗೆಂದು ದಾವಣಗೆರೆಗೆ ಹೋಗಿದ್ದರು. ಬರುವಷ್ಟರಲ್ಲಿ ಅಮ್ಮನ ಕುರ್ಚಿ ಹೊಸದು ಮಾಡಿಸಿ ಬೆರಗುಗೊಳಿಸಬೇಕೆಂದು ಮಗನಿಗೆ ಆಸೆ. ಅದು ತೀರಿಹೋದ ತಂದೆ ಶಿವಬಸಪ್ಪನವರ ಕುರ್ಚಿ. ಬೆತ್ತದಲ್ಲಿ ಒಂದು ಕುಂಬಳಕಾಯಿ ಇಡಬಹುದಾದಷ್ಟು ಗುಳಿ. ಮಂಜುನಾಥರ ಆಟೋದಲ್ಲಿ ಕುರ್ಚಿ ಬಂತು. ಚಿಕ್ಕಲಕ್ಷ್ಮಮ್ಮ ಯಾರು ಕೂರುವವರು ಎಂದು ಕೇಳಲಿಲ್ಲ. ಹಳೇ ಬೆತ್ತ ಕತ್ತರಿಸಿ ಬಿಸಾಕಿ, ತಮಟೆಯಂತೆ ಬಿಗಿದರು.

ಕುರ್ಚಿ ಒಣಗುತ್ತಿದ್ದ ದಿನವೇ ಡಾಕ್ಟರ್ ಮಧ್ವೇಶ್ ಶೆಡ್ಡಿಗೆ ಬಂದಿದ್ದರು, ತಮ್ಮ ಆರು ಊಟದ ಕುರ್ಚಿಗಳು ಎಲ್ಲಿಗೆ ಬಂದವೆಂದು ನೋಡಲು. ಶಿವಬಸಪ್ಪನವರ ಕುರ್ಚಿ ನೋಡಿ ಅಲ್ಲೇ ನೆಲಕ್ಕೆ ಕೂತುಬಿಟ್ಟರು. ಅದರ ಕೈಗಳು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿ ಮುಂದಕ್ಕೆ ಅಗಲವಾಗಿದ್ದವು. ಅಂಥದ್ದನ್ನು ಅವರು ವರ್ಷಗಳಿಂದ ಹುಡುಕುತ್ತಿದ್ದರಂತೆ. ಅವತ್ತಿಂದ ಚನ್ನವೀರೇಶರಿಗೆ ದಿನಾ ಫೋನು. “ಅಮ್ಮನ ಕುರ್ಚಿ ಡಾಕ್ಟ್ರೇ, ಕೊಡೋಕಾಗಲ್ಲ,” ಎಂದು ಅವರೂ ದಿನಾ ಹೇಳುತ್ತಿದ್ದರು.

ಜಗದಾಂಬಾ ಊರಿಂದ ಬಂದರು. ಕುರ್ಚಿಯಲ್ಲಿ ಕೂತರು. ಜಾರಿ ಮುಂದಕ್ಕೆ ಬಂದರು. ಹಿಂದೆ ಸರಿದು ಕೂತರು. ಮತ್ತೆ ಜಾರಿದರು.

“ಏನಿದು?”

“ರಿಪೇರಿ ಮಾಡಿಸ್ದೆ ಅಮ್ಮ. ಹೆಂಗಿದೆ?”

“ಹಲಿಗಿ ಮ್ಯಾಲೆ ಕುಂತಂಗೈತಿ. ನನ್ ಕುರ್ಚಿ ಎಲ್ಲಿ?”

“ಇದೇ ಅಮ್ಮ ನಿನ್ ಕುರ್ಚಿ.”

“ಇದಲ್ಲ ಬಿಡು. ನಿಮ್ಮಪ್ಪ ಇಪ್ಪತ್ತೈದು ವರ್ಷ ಕುಂತು ಮಾಡಿದ ಗುಳಿ. ಒಂದ್ ವಾರದಾಗ ತೆಗೆದು ಒಗದೀಯಲ್ಲೋ.”

ಅವತ್ತಿಂದ ಜಗದಾಂಬಾ ಮನೆಯೊಳಗೆ ಎಲ್ಲೂ ಕೂರಲಿಲ್ಲ. ಸೋಫಾ ಬೇಡ, ದಿವಾನ ಬೇಡ. ಗೇಟಿನ ಮೆಟ್ಟಿಲ ಮೇಲೆ ಹೋಗಿ ಕೂತರು. ಆ ರಸ್ತೆಯಲ್ಲಿ ಸೊಪ್ಪು ತರಲು ಹೋಗುವವರು, ವಾಕಿಂಗ್ ಹೋಗುವವರು, ಎಲ್ಲರೂ ನಿಂತು ವಿಚಾರಿಸಿದರು. “ಯಾಕಜ್ಜಿ ಹೊರಗೆ ಕೂತಿದೀರಾ?” ಎಂದರೆ, “ಒಳಗ ನನಗ ಜಾಗ ಇಲ್ಲವ್ವ,” ಎಂದಷ್ಟೇ ಹೇಳುತ್ತಿದ್ದರು. ಮೂರನೆಯ ದಿನಕ್ಕೆ ಬೀದಿಯವರೆಲ್ಲ ಚನ್ನವೀರೇಶರನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಇಸ್ತ್ರಿಯವನಂತೂ ನೇರವಾಗಿಯೇ ಬುದ್ಧಿ ಹೇಳಿದ.

ಚನ್ನವೀರೇಶ್ ಕುರ್ಚಿಯನ್ನೂ ಹೊರಿಸಿಕೊಂಡು ಶೆಡ್ಡಿಗೆ ಓಡಿಬಂದರು. “ಆಂಟಿ, ಏನಾದ್ರೂ ಮಾಡಿ. ಹಳೇ ಗುಳಿ ವಾಪಸ್ ಬರ್ಬೇಕು. ಇಲ್ದಿದ್ರೆ ಆ ಕುರ್ಚಿ ಮನೇಲಿದ್ದಷ್ಟು ದಿನಾನೂ ನಂಗೆ ಮರ್ಯಾದೆ ಇಲ್ಲ. ಡಾಕ್ಟ್ರು ಭಾನುವಾರದೊಳಗೆ ಹೇಳಿ ಅಂದಿದಾರೆ. ಕೊಟ್ಟು ಕೈ ತೊಳ್ಕೊಂಡ್ಬಿಡ್ತೀನಿ.”

ಚಿಕ್ಕಲಕ್ಷ್ಮಮ್ಮನವರಿಗೆ ಅನ್ನ ಸೇರಲಿಲ್ಲ. ಇಷ್ಟು ವರ್ಷದಲ್ಲಿ ಅವರು ಹೆಣೆದ ಒಂದು ಕುರ್ಚಿಯೂ ವಾಪಸ್ಸು ಬಂದಿರಲಿಲ್ಲ. ಈಗ ವಾಪಸ್ಸು ಬಂದದ್ದಷ್ಟೇ ಅಲ್ಲ, ಒಬ್ಬ ಮುದುಕಿಯ ಗಂಡನ ಕುರ್ಚಿ ಅವರ ಕೈಯಿಂದಲೇ ಮನೆ ಬಿಟ್ಟು ಹೋಗುವುದರಲ್ಲಿತ್ತು. ಅದೂ ಕೈಗೆ ಕೆಂಪು ರಿಬ್ಬನ್ ಕಟ್ಟಿಸಿಕೊಳ್ಳಲು. “ಒಂದ್ ಮಾತು ಕೇಳಿದ್ರೆ ಆಗಿರೋದು. ಬಾಯಿ ಸತ್ತೋಗಿತ್ತಾ ನಂಗೆ?” ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ.

ಸೋಮವಾರ ಬೆಳಿಗ್ಗೆ ಅವರು ಗೋಡೆಯ ಮೇಲಿದ್ದ ಮಾವನ ಫೋಟೋಗೆ ಕೈಮುಗಿದು, “ಮಾವ, ಒಂದ್ ವಾರ ಕಣ್ ಮುಚ್ಕೊಂಡಿರಿ,” ಎಂದು ಹೇಳಿ, ಬಟ್ಟೆ ಅದ್ದಿ ಅದ್ದಿ ಬೆತ್ತವನ್ನು ಅಡಿಯಿಂದ ತೊಪ್ಪೆಯಾಗುವಷ್ಟು ನೆನೆಸಿದರು. ಒದ್ದೆ ಬೆತ್ತದ ಮೇಲೆ ಕೂರಬಾರದೆಂದರೆ, ಗುಳಿ ಬೇಕಾದವರು ಅದನ್ನೇ ಮಾಡಬೇಕು. ಕೂರಲು ಒಂದು ಆಳು ಬೇಕು, ಅಷ್ಟೇ.

ಮೊದಲು ಸಿಕ್ಕಿದವರು ಗಂಡ. ಮಂಜುನಾಥ್ ಭಾರದ ವಿಷಯದಲ್ಲಿ ಕಮ್ಮಿ ಇಲ್ಲ. ಆದರೆ ಕೂತದ್ದನ್ನು ನೋಡಿ ಹೆಂಡತಿಗೆ ತಲೆ ಕೆಟ್ಟಿತು.

“ರೀ, ನೆಟ್ಟಗೆ ಕೂತ್ಕೊಳ್ರೀ.”

“ನೆಟ್ಟಗೇ ಕೂತಿದೀನಲ್ಲೇ.”

“ಅರ್ಧ ಸೀಟಲ್ಲಿ ಕೂತಿದೀರ. ಪಕ್ಕದಲ್ಲಿ ಯಾರಿಗೆ ಜಾಗ ಬಿಟ್ಟಿದೀರ?”

ಲಗೇಜ್ ಜೊತೆಗೆ ಲಗೇಜಿನ ಯಜಮಾನನನ್ನೂ ಪಕ್ಕದಲ್ಲಿ ತುರುಕಿಕೊಂಡು ವರ್ಷಗಟ್ಟಲೆ ಆಟೋ ಓಡಿಸಿದವರು. ದೇಹ ಎಲ್ಲಿ ಕೂತರೂ ತಾನಾಗಿ ಬಲಕ್ಕೆ ಸರಿಯುತ್ತದೆ. ಸಂಜೆಯ ಹೊತ್ತಿಗೆ, ಇನ್ನೂ ಒದ್ದೆಯಿರುವಾಗಲೇ, ಬೆತ್ತ ಬಲಗಡೆಗೆ ಇಳಿಜಾರಾಗಿತ್ತು. ಶಿವಬಸಪ್ಪನವರು ಎಡಗಾಲು ಮಡಿಸಿಕೊಂಡು ಕೂರುವವರು. ಅವರ ಗುಳಿ ಎಡಗಡೆ ಇತ್ತೆಂದು ಚನ್ನವೀರೇಶ್ ಹೇಳಿದ್ದರು. ಚಿಕ್ಕಲಕ್ಷ್ಮಮ್ಮ ಗಂಡನನ್ನು ಎಬ್ಬಿಸಿ ಓಡಿಸಿ, ಮತ್ತೆ ನೆನೆಸಿ, ಪೊರಕೆ ಅಡ್ಡ ಇಟ್ಟು, ಒಣಗಲು ಬಿಟ್ಟರು. ಬೆತ್ತ ಸಿಟ್ಟು ಮಾಡಿಕೊಳ್ಳದೆ ಮತ್ತೆ ಬಿಗಿದುಕೊಂಡಿತು.

ಮಾರನೆಯ ದಿನ ಬೆತ್ತ ಮತ್ತೆ ನೆನೆಸಿಡುವ ಹೊತ್ತಿಗೆ ಚನ್ನವೀರೇಶ್ ತಂದೆಯ ಒಂದು ಫೋಟೋ ತಂದುಕೊಟ್ಟರು, ಆಳಿನ ಅಳತೆ ತಿಳಿಯಲೆಂದು. ದುಂಡಗಿನ ದೇಹ, ಗಿಡ್ಡ ಕಾಲು, ತುಂಬು ಸೊಂಟ. ಚಿಕ್ಕಲಕ್ಷ್ಮಮ್ಮ ಫೋಟೋ ಹಿಡಿದು ಯೋಚಿಸುತ್ತಿರುವಾಗಲೇ ‘ನನ್ನ ಕುರ್ಚಿ ಏನಾಯ್ತು’ ಎಂಬ ಮುಖ ಹೊತ್ತು ಡಾಕ್ಟರ್ ಮಧ್ವೇಶ್ ಒಳಗೆ ಬಂದರು. ಚಿಕ್ಕಲಕ್ಷ್ಮಮ್ಮ ಫೋಟೋ ನೋಡಿದರು. ಡಾಕ್ಟರನ್ನು ನೋಡಿದರು. ಹಿಂದಕ್ಕೆ ಹೋಗಿ ಇನ್ನೊಂದು ಸಲ ನೋಡಿದರು.

“ಸಾರ್, ಸ್ವಲ್ಪ ಕೂತ್ಕೋತೀರಾ?”

“ಅಯ್ಯೋ, ಅದ್ರ ಮೇಲಾ? ಒದ್ದೆ ಇದೆಯಲ್ಲ! ಹಾಳಾಗುತ್ತೆ!”

“ಹಾಳಾಗ್ಬೇಕು ಸಾರ್, ಅದಕ್ಕೇ. ವಾರ ಪೂರ್ತಿ ದಿನಾ ಬೆಳಿಗ್ಗೆ ಬಂದು ಕೂತು ಹೋಗಿ. ಅಜ್ಜಿ ಒಪ್ಪಿದ್ರೆ ಅಜ್ಜೀದು. ಒಪ್ಲಿಲ್ಲಾಂದ್ರೆ ನಿಮ್ದು, ನಾನೇ ಹೊಸ್ದಾಗಿ ಬಿಗಿದು ಕೊಡ್ತೀನಿ.”

“ಅಂದ್ರೆ, ನಾನು ಚೆನ್ನಾಗಿ ಕೂತಷ್ಟೂ ಕುರ್ಚಿ ನಂಗೆ ಸಿಗಲ್ಲ?”

“ಹೂಂ ಸಾರ್.”

“ಮತ್ತೆ ನಾನ್ಯಾಕ್ ಕೂರ್ಲಿ?”

ಚಿಕ್ಕಲಕ್ಷ್ಮಮ್ಮ ಶೆಡ್ಡಿನ ಮೂಲೆಯ ಕಡೆ ಸುಮ್ಮನೆ ನೋಡಿದರು. ಅಲ್ಲಿ ಡಾಕ್ಟರ ಆರು ಊಟದ ಕುರ್ಚಿಗಳು ಬೆತ್ತ ಬಿಚ್ಚಿಸಿಕೊಂಡು ಬರೀ ಚೌಕಟ್ಟಾಗಿ ನಿಂತಿದ್ದವು. ಡಾಕ್ಟರೂ ಅತ್ತ ನೋಡಿದರು. ಆಮೇಲೆ ಪ್ಯಾಂಟಿನ ಜೇಬಿನಿಂದ ಕೀ, ಪರ್ಸು ತೆಗೆದಿಟ್ಟು, “ಲುಂಗಿ ಇದೆಯಾ?” ಎಂದು ಕೇಳಿದರು. “ಕುರ್ಚಿಗೋಸ್ಕರ ಅಲ್ಲ, ಅಜ್ಜಿ ಮೆಟ್ಲ ಮೇಲೆ ಕೂತಿದಾರೆ ಅಂತ ಕೇಳಿ ಬೇಜಾರಾಯ್ತು,” ಎಂದು ಡಾಕ್ಟರು ಇವತ್ತು ಹೇಳುತ್ತಾರೆ. ಎರಡೂ ನಿಜವಿರಬೇಕು.

ಆ ವಾರ ಕಾಮಾಕ್ಷಿಪಾಳ್ಯದವರಿಗೆ ಬೆಳಿಗ್ಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಆಟೋ ಡ್ರೈವರ ಚೌಕಳಿ ಲುಂಗಿ ಉಟ್ಟ ಹಲ್ಲಿನ ಡಾಕ್ಟರು ಗಲ್ಲಿಯ ಮಧ್ಯೆ ಎಡಗಾಲು ಮಡಿಸಿಕೊಂಡು ಒದ್ದೆ ಕುರ್ಚಿಯ ಮೇಲೆ ವಿರಾಜಮಾನರಾಗಿದ್ದರು. ಗಾರ್ಮೆಂಟ್ಸ್ ಹುಡುಗಿಯರು ಬಸ್ಸು ಬಿಟ್ಟರೂ ಪರವಾಗಿಲ್ಲವೆಂದು ನಿಂತು, “ಆಂಟಿ, ಗಿರಾಕೀನ ಒಣಗಾಕಿದೀರಾ?” ಎಂದು ಕೇಳಿದರು. ಕೆನ್ನೆ ಊದಿದವನೊಬ್ಬ ಗುರುತು ಹಿಡಿದು ಅಲ್ಲೇ ಬಾಯಿ ತೆರೆದು ನಿಂತ. ಡಾಕ್ಟರು ಏಳುವಂತಿರಲಿಲ್ಲ, ಅವನೇ ಬಗ್ಗಬೇಕಾಯಿತು.

ಆದರೆ ಗುರುವಾರವಾದರೂ ಗುಳಿ ಮೂಡಲಿಲ್ಲ. ಚಿಕ್ಕಲಕ್ಷ್ಮಮ್ಮ ಎಂದಿನಂತೆ ಅಡಿಗೆ ಹೋಗಿ ಮಲಗಿ ನೋಡಿದರು. ಕಾರಣ ಗೊತ್ತಾಯಿತು. ಡಾಕ್ಟರು ಕೂತಿರಲೇ ಇಲ್ಲ. ಎರಡೂ ಕೈಯನ್ನು ಕುರ್ಚಿಯ ಕೈಗೆ ಊರಿ, ಮೈಯ ಅರ್ಧ ಭಾರವನ್ನು ತೋಳಿನಲ್ಲೇ ಹೊತ್ತುಕೊಂಡಿದ್ದರು. ಕುರ್ಚಿ ಕಾಪಾಡಿ ಕಾಪಾಡಿ ಕೂರುವುದೇ ಮರೆತುಹೋಗಿತ್ತು.

“ಸಾರ್, ಭಾರ ಬಿಡಿ.”

“ಬಿಟ್ಟಿದೀನಮ್ಮ.”

“ಬಿಟ್ಟಿಲ್ಲ ಸಾರ್. ನಿಮ್ ಪೇಷೆಂಟ್‌ಗಳು ಬಾಯಿ ತೆಗ್ದಿದೀನಿ ಅಂತಾರಲ್ಲ, ಹಂಗೆ ನೀವು ಕೂತಿರೋದು.”

ಶುಕ್ರವಾರ ಅವರು ಉಪಾಯ ಮಾಡಿದರು. ಬಿಸಿಬಿಸಿ ಇಡ್ಲಿ ತರಿಸಿ ಹೊಟ್ಟೆ ತುಂಬ ತಿನ್ನಿಸಿದರು. ಕೈಗೆ ಪೇಪರ್ ಕೊಟ್ಟರು. ಎಳೆಬಿಸಿಲು ಬೆನ್ನಿಗೆ ಬೀಳುವಂತೆ ಕುರ್ಚಿ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಪೇಪರ್ ಡಾಕ್ಟರ ಮುಖದ ಮೇಲೆ ಬಿತ್ತು. ಕೈಗಳು ಜಾರಿ ಪಕ್ಕಕ್ಕೆ ಇಳಿದವು. ಗೊರಕೆ ಶುರುವಾಯಿತು. ಅಡಿಯಲ್ಲಿ ಮಲಗಿದ್ದ ಚಿಕ್ಕಲಕ್ಷ್ಮಮ್ಮನ ಕಣ್ಣೆದುರಿಗೇ ಬೆತ್ತ ಕಿರ್ರೆಂದು ಮೆಲ್ಲಗೆ ಕೆಳಗಿಳಿಯಿತು, ಎಡಗಡೆಗೆ. “ದೇವ್ರು ಇಳಿದು ಬಂದಂಗಾಯ್ತು ನಂಗೆ.” ಅವರು ಗಲ್ಲಿಯವರಿಗೆಲ್ಲ ಬಾಯಿ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಹಾರ್ನ್ ಹೊಡೆಯಲು ಹೊರಟ ಮಂಜುನಾಥ್ ಆಟೋ ತಳ್ಳಿಕೊಂಡು ಹೋದರು. ಆ ದಿನ ಕ್ಲಿನಿಕ್ಕು ತಡವಾಗಿ ತೆರೆಯಿತು.

ಭಾನುವಾರ ಚಿಕ್ಕಲಕ್ಷ್ಮಮ್ಮ ಕುರ್ಚಿ ತೆಗೆದುಕೊಂಡು ಬಸವೇಶ್ವರನಗರಕ್ಕೆ ಹೋದರು. ಜೊತೆಗೆ ಡಾಕ್ಟರೂ ಹೋದರು, ಸೋತರೆ ಕುರ್ಚಿ ತಮಗೇ ಸಿಗುತ್ತದೆಂಬ ಆಸೆ, ಸೋಲಬಾರದೆಂಬ ಚಡಪಡಿಕೆ ಎರಡನ್ನೂ ಮುಖದಲ್ಲಿಟ್ಟುಕೊಂಡು. ಜಗದಾಂಬಾ ಮೆಟ್ಟಿಲಿನಿಂದ ಎದ್ದು ಒಳಗೆ ಬಂದರು. ಕುರ್ಚಿಯ ಸುತ್ತ ಒಂದು ಸುತ್ತು ಹಾಕಿದರು. ಗುಳಿಯೊಳಗೆ ಅಂಗೈ ಇಟ್ಟರು. ಕೂತರು. ಎಡಗಾಲು ಎತ್ತಿ ಮಡಿಸಿಕೊಂಡರು.

“ಏನಮ್ಮ?” ಎಂದರು ಚನ್ನವೀರೇಶ್, ತಡೆಯಲಾರದೆ.

“ಏನು ಏನು? ಟೀವಿ ಹಚ್ಚು.”

ಅಷ್ಟೇ ತೀರ್ಪು. ಧಾರಾವಾಹಿ ಶುರುವಾಯಿತು. ಸ್ವಲ್ಪ ಹೊತ್ತಿನ ಮೇಲೆ ಜಾಹೀರಾತು ಬಂದಾಗ ಅಜ್ಜಿ ತಿರುಗಿ ಡಾಕ್ಟರನ್ನು ನೋಡಿ, “ನೀವೇನು ಕುಂತೋರು? ಚಲೋ ಕುಂತೀರಿ,” ಎಂದರು. ತಮ್ಮ ಡಿಗ್ರಿಗಳಿಗೆಲ್ಲ ಸೇರಿ ಇಷ್ಟು ಹೊಗಳಿಕೆ ಸಿಕ್ಕಿಲ್ಲವೆಂದು ಡಾಕ್ಟರು ಹೇಳಿಕೊಳ್ಳುತ್ತಾರೆ.

ಅಡುಗೆಮನೆಯಲ್ಲಿ ಚಹಾ ಕುಡಿಯುವಾಗ ಜಗದಾಂಬಾ ಚಿಕ್ಕಲಕ್ಷ್ಮಮ್ಮನನ್ನು ಹತ್ತಿರ ಕರೆದು ಒಂದು ಮಾತು ಹೇಳಿದರು. ಆಗ ಗುಟ್ಟು, ಈಗ ಮಗನ ಎದುರಿಗೇ ಹೇಳಿ ನಗುತ್ತಾರೆ. “ಅವ್ರು ಹೋಗಿ ಎಂಟು ವರ್ಷ ಆತು. ಅವತ್ತಿಂದ ಆ ಕುರ್ಚ್ಯಾಗ ಕುಂತಾಕಿ ನಾನು. ಗುಳಿ ಯಾವತ್ತೋ ನಂದ ಆಗಿತ್ತು. ನಂದು ಅಂದ್ರ, ಹೋಗ್ಲಿ ಬಿಡಮ್ಮ ಅಂತ ಮಗ ಹೊಸಾ ಕುರ್ಚಿ ತಂದು ಇದನ್ನ ಮಾರತಾನ. ಅಪ್ಪಂದು ಅಂದ್ರ ಮುಟ್ಟಂಗಿಲ್ಲ.”

ಚಿಕ್ಕಲಕ್ಷ್ಮಮ್ಮನಿಗೆ ಚಹಾ ನೆತ್ತಿಗೇರಿತು. “ಅಜ್ಜಿ! ಮೊದ್ಲೇ ಹೇಳಿದ್ರೆ ನಿಮ್ಮನ್ನೇ ಕೂರಿಸ್ತಿದ್ನಲ್ಲ! ಡಾಕ್ಟ್ರಿಗೆ ಲುಂಗಿ ಉಡ್ಸಿ ಒಂದ್ ವಾರ...”

“ಒದ್ದಿ ಕುರ್ಚಿ ಮ್ಯಾಲೆ ನಾ ಯಾಕ ಕುಂದರ್ಲಿ? ಮಂಡಿ ಹಿಡಕಂಡ್ರ?”

ಈಗ ಶೆಡ್ಡಿಗೆ ಕುರ್ಚಿ ತಂದವರು ಒಂದು ಪ್ರಶ್ನೆಗೆ ಉತ್ತರ ಹೇಳಲೇಬೇಕು. ಯಾರೂ ಕೂರುವುದಿಲ್ಲ ಎಂದವರಿಗೆ ಚಿಕ್ಕಲಕ್ಷ್ಮಮ್ಮ, “ಹಂಗಾದ್ರೆ ಹಲಗೆ ಬಡ್ದು ಪೇಂಟ್ ಹೊಡ್ಸಿ ಸಾರ್, ಬೆತ್ತ ಯಾಕೆ?” ಎನ್ನುತ್ತಾರೆ. ಡಾಕ್ಟರ ಆರು ಕುರ್ಚಿಗಳಿಗೂ ಇದೇ ಪ್ರಶ್ನೆ ಬಂತು. ಡಾಕ್ಟರು ಬಹಳ ಯೋಚಿಸಿ, “ಯಾರ್ ಬರ್ತಾರೋ ಅವ್ರು,” ಎಂದರು. ಆ ಆರನ್ನೂ ಕ್ಲಿನಿಕ್ಕಿಗೇ ಹಾಕಿದ್ದಾರೆ. ಹಾಲಿನಲ್ಲಿ ಓಡಾಡಲು ಜಾಗ ಉಳಿಯಿತೆಂದು ಮೇಡಂ ತನ್ಮಯಿಗೆ ಸಂತೋಷ. ಈಗ ಅವರು ಪೇಪರ್ ತಿದ್ದುವುದು ಕೊಕ್ಕರೆಗಾಲಿನ ದೀಪದ ಬೆಳಕಿನಲ್ಲಿ, ಕರುಗಾಲಿನ ಮೇಲೆ ಕೂತು.

ಚಿಕ್ಕಲಕ್ಷ್ಮಮ್ಮನವರ ಶೆಡ್ಡಿನಲ್ಲಿ ಅವರಿಗೆಂದು ಇರುವುದು ಮಾತ್ರ ಒಂದು ಕಾಲು ಸೀಳಿದ ಪ್ಲಾಸ್ಟಿಕ್ ಸ್ಟೂಲು. ಸ್ವಂತಕ್ಕೆ ಒಂದು ಕುರ್ಚಿ ಹೆಣೆದುಕೊಳ್ಳಬಾರದೇ ಎಂದು ಕೇಳಿದರೆ ಅವರು ಆ ಮಾತನ್ನೇ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬದಲಿಗೆ ಹೋದ ತಿಂಗಳು ದವಡೆ ಹಲ್ಲು ತೋರಿಸಲು ಡಾಕ್ಟರ ಕ್ಲಿನಿಕ್ಕಿಗೆ ಹೋದದ್ದನ್ನು ಹೇಳುತ್ತಾರೆ. ರಿಬ್ಬನ್ನಿಲ್ಲ, ಬೋರ್ಡಿಲ್ಲ. ಒಬ್ಬಳು ತಾಯಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಒಬ್ಬ ಮುದುಕ ಊದಿದ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿದ್ದ. ಬೆತ್ತವನ್ನು ಯಾರೂ ನೋಡಲಿಲ್ಲ, ಹೆಣೆದವಳನ್ನೂ ನೋಡಲಿಲ್ಲ.

“ಎಲ್ಲಾ ಕುರ್ಚೀನೂ ತುಂಬಿತ್ತು,” ಎನ್ನುತ್ತಾ ಚಿಕ್ಕಲಕ್ಷ್ಮಮ್ಮ ಬಕೆಟ್ಟಿನಿಂದ ಒಂದು ಎಳೆ ಎತ್ತಿಕೊಂಡು ಮತ್ತೆ ಕುರ್ಚಿಯ ಅಡಿಗೆ ಸರಿಯುತ್ತಾರೆ. ಹೊರಗೆ ಉಳಿದದ್ದು ಎರಡು ಪಾದ, ಒಂದು ದನಿ. “ನಂಗೇ ಜಾಗ ಇರ್ಲಿಲ್ಲ ನೋಡಿ. ನನ್ ಸರದಿ ಬರೋವರ್ಗೂ ನಿಂತೇ ಇದ್ದೆ. ಹಲ್ಲುನೋವೇ ಗೊತ್ತಾಗ್ಲಿಲ್ಲ.”